ಕಾನಾ ಊರಿನಲ್ಲಿ ಅಪ್ಪ ಇರಲಿಲ್ಲ

"ನಮ್ಮಣ್ಣಗ ಇದನ್ನ ಯಾಕ ಕೊಟ್ರಿ?"

ಸುವಾರ್ತಾಳ ದನಿ ಜೋರಾಗಿರಲಿಲ್ಲ. ಆದರೆ ಅದರಲ್ಲಿದ್ದ ಸಿಟ್ಟಿಗೆ ಅಕ್ಕಪಕ್ಕದವರು ಊಟದ ತಟ್ಟೆ ಹಿಡಿದುಕೊಂಡೇ ತಿರುಗಿ ನೋಡಿದರು.

ಅವಳು ಕೇಳಿದ್ದು ಯಾರನ್ನೋ ಆ ಯುವಕನೂ ತಿರುಗಿದ. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವನ ಕೈಯಲ್ಲಿದ್ದ ಸಣ್ಣ ಗಾಜಿನ ಲೋಟದ ತಳದಲ್ಲಿ ಒಂದು ಗುಟುಕು ಕೆಂಪು ವೈನು ಇನ್ನೂ ಉಳಿದಿತ್ತು. ಪಕ್ಕದ ಕುರ್ಚಿಯಲ್ಲಿ ಸುವಾರ್ತಾಳ ಅಣ್ಣ ಸಂಜು ತಲೆ ತಗ್ಗಿಸಿ ಕುಳಿತಿದ್ದ. ಅವನ ಕೈಬೆರಳು ನಡುಗುತ್ತಿದ್ದವು.

ಆ ನಡುಕ ಸುವಾರ್ತಾಳಿಗೆ ಗುರುತಿನದೇ. ಕುಡಿದುಬಿಟ್ಟನೇ... ಇಷ್ಟು ತಿಂಗಳು ತಡೆದುಕೊಂಡಿದ್ದು ಎಲ್ಲಾ ಹೋಯಿತೇ...

ಅವಳು ಮುಂದೆ ಬಂದು ಆ ಲೋಟವನ್ನು ಕಿತ್ತುಕೊಂಡಳು. ಉಳಿದಿದ್ದನ್ನು ಕಿಟಕಿಯಿಂದ ಆಚೆ ಚೆಲ್ಲಿದಳು.

"ಕುಡ್ಯಾಕ ಜೋಡಿ ಬೇಕಿದ್ರ ಬ್ಯಾರೆ ಯಾರನ್ನರ ನೋಡ್ಕೋರಿ. ಇಂವಗ ಮನಿ ಐತಿ. ಹಡೆದಾಕಿ ಅದಾಳ."

ಅವನು ಏನೋ ಹೇಳಲು ಬಾಯಿ ತೆರೆದ. ಒಮ್ಮೆ ಸಂಜುವಿನ ಕಡೆ ನೋಡಿದ. ಸಂಜು ಕಣ್ಣೆತ್ತಲಿಲ್ಲ.

"ತಪ್ಪಾತ್ರಿ," ಎಂದ ಆ ಯುವಕ. ಅಷ್ಟೇ. ವಾದವಿಲ್ಲ, ಸಮಜಾಯಿಷಿಯಿಲ್ಲ.

ಅದೇ ಅವಳಿಗೆ ಇನ್ನಷ್ಟು ಉರಿ ತಂದಿತು. ಅಣ್ಣನ ತೋಳು ಹಿಡಿದು ಎಬ್ಬಿಸಿಕೊಂಡು, ಊಟವನ್ನೂ ಮಾಡದೆ ಮಂಟಪದಿಂದ ಹೊರಗೆ ನಡೆದಳು.

ಅದು ಜಮಖಂಡಿಯಲ್ಲಿ ನಡೆದ ಅವಳ ಚಿಕ್ಕಪ್ಪನ ಮಗಳು ನೇಹಾಳ ಮದುವೆ. ಬೆಳಗಾವಿ ಕಡೆಯ ಬೀಗರು. ಕೇಕು ಕತ್ತರಿಸಿದ ಮೇಲೆ ಎಲ್ಲರಿಗೂ ಒಂದೊಂದು ಸಣ್ಣ ಲೋಟ ವೈನು ಕೊಡುವುದು ಅವರ ಕಡೆಯ ಪದ್ಧತಿ. ಚಿಕ್ಕಪ್ಪ ಬೇಡವೆಂದಿದ್ದರೂ ಅವರು ತಂದಿದ್ದರು. ತಟ್ಟೆಯಲ್ಲಿ ಸಾಲಾಗಿ ಜೋಡಿಸಿದ ಲೋಟಗಳು ಮಂಟಪದ ತುಂಬ ಓಡಾಡಿದ್ದವು.

ತಮ್ಮೂರು ಬನಹಟ್ಟಿಗೆ ಹೋಗುವ ಬಸ್ಸಿನಲ್ಲಿ ಸಂಜು ತಂಗಿಯಿಂದ ದೂರದ ಸೀಟಿನಲ್ಲಿ ಕುಳಿತ.

ಸುವಾರ್ತಾ ಕಿಟಕಿಯ ಆಚೆ ಕಬ್ಬಿನ ಹೊಲ ನೋಡುತ್ತಾ ಕುಳಿತಳು. ಕಣ್ಣ ಮುಂದೆ ಮಾತ್ರ ಅಪ್ಪ.

ಅಪ್ಪ ನೇಕಾರ. ಚರ್ಚಿನಲ್ಲಿ ಅವನು ಹಾಡಿದರೆ ಸಭೆಯವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅಂಥ ಅಪ್ಪ ಒಂದು ಭಾನುವಾರ, ಕರ್ತನ ಭೋಜನದ ದಿನವೇ, ಕುಡಿದು ಬಂದು ಚರ್ಚಿನ ಮೆಟ್ಟಿಲ ಮೇಲೆ ಬಿದ್ದಿದ್ದ. ಒಳಗೆ ಹಾಡು ನಡೆದಿತ್ತು. ಹೊರಗೆ ಫ್ರಾಕು ತೊಟ್ಟ ಸುವಾರ್ತಾ, ಅಪ್ಪನ ಕಾಲಿಂದ ಕಳಚಿದ ಚಪ್ಪಲಿಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಜನ ಹೊರಗೆ ಬಂದರು. ಬದಿಗೆ ಸರಿದು ಹೋದರು.

ಅಪ್ಪ ಹೆಚ್ಚು ವರ್ಷ ಬದುಕಲಿಲ್ಲ. ಅವನು ಹೋದ ಮೇಲೆ ಅಣ್ಣನೂ ಅದೇ ದಾರಿ ಹಿಡಿದ.

ಈ ವರ್ಷದ ಈಸ್ಟರ್ ಹಬ್ಬದಂದು ಸಂಜು ಅವ್ವನ ಕಾಲು ಹಿಡಿದು ಅತ್ತು, ಇನ್ನು ಮುಟ್ಟುವುದಿಲ್ಲ ಎಂದಿದ್ದ. ಮುಟ್ಟಿಯೂ ಇರಲಿಲ್ಲ. ಇವತ್ತಿನವರೆಗೆ...

ಕುಡಿಯುವವನ ಮನೆಯ ಹೊಸ್ತಿಲನ್ನು ಜೀವ ಹೋದರೂ ತುಳಿಯುವುದಿಲ್ಲ. ಒಂದು ಹನಿ ಕುಡಿದರೂ ಅವನು ಕುಡಿಯುವವನೇ. ಇದು ಸುವಾರ್ತಾ ಎಂದೋ ಮಾಡಿಕೊಂಡ ನಿರ್ಧಾರ. ಬಂದ ಎರಡು ಸಂಬಂಧಗಳನ್ನು ಅದಕ್ಕಾಗಿಯೇ ಬಿಟ್ಟಿದ್ದಳು. ಅವ್ವ ಬೇಸರಪಟ್ಟರೂ ಅವಳು ಕದಲಿರಲಿಲ್ಲ.

* * *

ಮರುದಿನ ಬೆಳಿಗ್ಗೆ ಕರೆಂಟು ಹೋಯಿತು.

ಮನೆಯ ಮುಂದಿನ ಖೋಲಿಯಲ್ಲಿ ಖಟಖಟ ಎನ್ನುತ್ತಿದ್ದ ವಿದ್ಯುತ್ ಮಗ್ಗಗಳು ಒಮ್ಮೆಲೇ ಸುಮ್ಮನಾದವು. ಆ ಮೌನದಲ್ಲಿ ಸಂಜು ತಂಗಿಯನ್ನು ಕರೆದ.

"ಸುವ್ವಿ, ಇಲ್ಲಿ ಬಾ. ನಿನ್ನಿ ನಾ ಕುಡದಿಲ್ಲ."

ಅವಳು ಬಾಗಿಲಲ್ಲೇ ನಿಂತಳು.

"ಆ ಮನುಷ್ಯಾ ಕೊಡಲಿಲ್ಲ. ತಟ್ಟಿಯೊಳಗಿಂದ ನಾನ ತಗೊಂಡಿದ್ದೆ. ಬಾಯಿತನಾ ಒಯ್ದಿದ್ದೆ. ಆ ವಾಸನಿ ಬಂತ ನೋಡು... ಕೈ ನಡಗಾಕ ಹತ್ತಿತು. ಅಂವ ಬಾಜೂಕ ಕುಂತಿದ್ದ. ನನ್ನ ಮುಖಾ ನೋಡಿ ಸಾವಕಾಶ ಕೇಳಿದ, 'ಅಣ್ಣಾರ, ಬ್ಯಾಡ ಅನಸ್ತೈತೇನ್ರಿ' ಅಂತ. ನಾ ಹೂಂ ಅಂದೆ. ಕೆಳಗ ಇಡಾಕೂ ನನ್ನ ಕೈಲೆ ಆಗವಲ್ದಾಗಿತ್ತು. ಅಂವ ನನ್ನ ಕೈಯಾಗಿಂದ ತಗೊಂಡು ತಾನ ಕುಡದ. ಯಾರೂ ಏನೂ ಕೇಳಬಾರ್ದು ಅಂತ."

"ಮತ್ತ ನಿನ್ನಿ ಯಾಕ ಹೇಳಲಿಲ್ಲ?"

"ಅಷ್ಟು ಮಂದಿ ಮುಂದ ಹೆಂಗ ಹೇಳ್ಲಿ? ನಾ ಹೇಳಲಿಲ್ಲಂತ ಅಂವನೂ ಹೇಳಲಿಲ್ಲ. ತಪ್ಪಾತು ಅಂದ. ಅಂವ ಮಾಡಿದ್ದ ತಪ್ಪರ ಏನಿತ್ತು?"

ಸುವಾರ್ತಾಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅಷ್ಟು ಜನರೆದುರು ಒಬ್ಬನ ಮರ್ಯಾದೆ ಕಳೆದಿದ್ದಳು. ಅವನೋ ಅವಳ ಅಣ್ಣನ ಮರ್ಯಾದೆ ಉಳಿಸಿದ್ದ.

ನೇಹಾಳಿಗೆ ಫೋನು ಮಾಡಿ ಕೇಳಿದಳು. ಅವನ ಹೆಸರು ಅಜಯ. ಮದುಮಗನ ಗೆಳೆಯ, ಬೆಳಗಾವಿಯವನು. ಮುಧೋಳದಲ್ಲಿ ದನದ ಡಾಕ್ಟರು.

ಶನಿವಾರ ಅವಳು ಮುಧೋಳದ ಬಸ್ಸು ಹತ್ತಿದಳು.

ದವಾಖಾನೆಯ ಅಂಗಳದಲ್ಲಿ ಅಜಯ ಮೊಣಕಾಲೂರಿ ಕುಳಿತು ಒಂದು ಕುರಿಯ ಕಾಲಿಗೆ ಪಟ್ಟಿ ಸುತ್ತುತ್ತಿದ್ದ. ಬೀಳಗಿ ಕಡೆಯ ಕುರಿಗಾರ ಅಮಸಿದ್ದಪ್ಪ ಅದರ ಕತ್ತು ಹಿಡಿದು ನಿಂತಿದ್ದ.

"ಡಾಕ್ಟರ, ಯಾರೋ ಬಂದಾರ ನೋಡ್ರಿ," ಎಂದ ಅಮಸಿದ್ದಪ್ಪ. "ಕೈಯಾಗ ಕುರಿ ಇಲ್ಲ, ನಾಯಿ ಇಲ್ಲ."

ಅಜಯ ತಲೆಯೆತ್ತಿದ. ಗುರುತು ಹತ್ತಿತು. ಎದ್ದು ನಿಂತ.

ದಾರಿಯುದ್ದಕ್ಕೂ ಅವಳು ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದಳು. ಎಲ್ಲಾ ಮರೆತುಹೋಯಿತು.

"ಅಣ್ಣ ಎಲ್ಲಾ ಹೇಳಿದ. ನನ್ನ ತಪ್ಪಾತ್ರಿ. ಮಂದಿ ಮುಂದ ಅಂದೇನಿ, ಮಂದಿ ಮುಂದನ ಕ್ಷಮಾ ಕೇಳಬೇಕು. ಸದ್ಯಕ್ಕ ಇಲ್ಲಿ ಇವರೊಬ್ರ ಅದಾರ."

ಅಮಸಿದ್ದಪ್ಪ ಏನೂ ಅರ್ಥವಾಗದೆ ಇಬ್ಬರನ್ನೂ ನೋಡಿದ. ಅಜಯ ನಕ್ಕ.

"ಸಾಕ್ರಿ, ಇವರೊಬ್ರ ಸಾಕು. ನಿಮ್ಮಣ್ಣಾರು ಹೆಂಗದಾರ?"

ಮೊದಲು ಕೇಳಿದ್ದು ಅಣ್ಣನನ್ನು! ಅವಳು ಮನಸ್ಸಿನಲ್ಲಿದ್ದ ಪ್ರಶ್ನೆಯನ್ನೇ ಕೇಳಿಬಿಟ್ಟಳು.

"ನೀವು ಕುಡೀತೀರೇನ್ರಿ? ಅಂದ್ರ... ಅವತ್ತು ಅಣ್ಣನ ಸಲುವಾಗಿ ಕುಡದ್ರಿ. ಇಲ್ಲಂದ್ರ ಮುಟ್ಟಂಗಿಲ್ಲ, ಹೌದಲ್ರಿ?"

ಹೌದು ಎನ್ನಲಿ ದೇವರೇ, ಎಂದಿತು ಒಳಮನಸ್ಸು. ಯಾಕೆ ಹಾಗೆ ಬೇಡಿಕೊಂಡೆನೆಂದು ಅವಳಿಗೇ ಗೊತ್ತಾಗಲಿಲ್ಲ.

ಅಜಯ ಕೈಗಂಟಿದ್ದ ಔಷಧಿಯನ್ನು ಒರೆಸಿಕೊಂಡ.

"ಹಂಗಲ್ರಿ. ನಮ್ಮ ಮನ್ಯಾಗ ಕ್ರಿಸ್ಮಸ್‌ಗೆ ಅವ್ವ ದ್ರಾಕ್ಷಿ ವೈನು ಮಾಡ್ತಾಳ. ಪ್ರಾರ್ಥನಾ ಮಾಡಿ, ಊಟದ ಜೋಡಿ ಒಂದು ಸಣ್ಣ ಕಪ್ಪು ಕುಡೀತೇವಿ. ಮದುವಿ ಇದ್ರ ಒಮ್ಮೆ. ಅದಕಿಂತ ಹೆಚ್ಚಿಲ್ಲ. ಒಂದಿನಾನೂ ನಿಶಾ ಏರಿಸ್ಕೊಂಡಾಂವ ಅಲ್ಲ. ಆದ್ರ ಕುಡಿಯಂಗಿಲ್ಲಂತ ನಿಮ್ಮ ಮುಂದ ಸುಳ್ಳು ಹೇಳಾಕ ಆಗಂಗಿಲ್ಲ."

ಸುವಾರ್ತಾ ಒಣ ನಗೆ ನಕ್ಕು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಸುಳ್ಳು ಹೇಳದವನ ಮೇಲೆ ಸಿಟ್ಟು ಮಾಡಲಾಗಲಿಲ್ಲ. ಅದೇ ಅವಳ ಸಂಕಟವಾಗಿತ್ತು.

* * *

ಅಜಯ ಸಂಜುವನ್ನು ಬಿಡಲಿಲ್ಲ.

"ಯಾವ ಹೊತ್ತಿಗೆ ಭಾಳ ಬೇಕನಸ್ತೈತ್ರಿ?" ಎಂದು ಫೋನಿನಲ್ಲಿ ಕೇಳಿದ್ದನಂತೆ. ಸಂಜೆ ಮಗ್ಗ ನಿಂತ ಮೇಲೆ, ಎಂದಿದ್ದ ಸಂಜು. ಅವತ್ತಿನಿಂದ ಕೆಲಸ ಮುಗಿಸಿ ಬಿಡುವಾದಾಗಲೆಲ್ಲ ಅಜಯನ ಬೈಕು ಸಂಜೆಗೆ ಬನಹಟ್ಟಿಗೆ ಬರತೊಡಗಿತು. ಇಬ್ಬರೂ ನಡೆದುಕೊಂಡು ರಬಕವಿಯವರೆಗೆ ಹೋಗುತ್ತಿದ್ದರು. ಅಲ್ಲೊಂದು ಅಂಗಡಿಯಲ್ಲಿ ಮಿರ್ಚಿ, ಚಹಾ. ತಿರುಗಿ ಬರುವ ಹೊತ್ತಿಗೆ ಸಂಜುವಿನ ಮುಖ ತಿಳಿಯಾಗಿರುತ್ತಿತ್ತು.

ಭಾನುವಾರ ಜಮಖಂಡಿಯ ಚರ್ಚಿಗೂ ಅಜಯ ಬರತೊಡಗಿದ. ಅವನಿಗೆ ಒಳ್ಳೆಯ ದನಿಯಿತ್ತು. ಪಾಸ್ಟರ್ ಶಾಂತಕುಮಾರ ಅವರು ಯುವಕರಿಗೆ ಹಾಡು ಕಲಿಸುವ ಜವಾಬ್ದಾರಿಯನ್ನು ಅವನಿಗೇ ವಹಿಸಿದರು.

ಸುವಾರ್ತಾ ಕೆಲಸ ಮಾಡುತ್ತಿದ್ದುದು ಸೀರೆಯ ಅಂಚು, ಸೆರಗಿನ ವಿನ್ಯಾಸ ಬಿಡಿಸುವ ಸಣ್ಣ ಆಫೀಸಿನಲ್ಲಿ. ಒಂದು ಸಂಜೆ ಅವಳು ಮನೆಯಲ್ಲೇ ಕಂಪ್ಯೂಟರ್ ಮುಂದೆ ಕುಳಿತು ಸೆರಗಿಗೊಂದು ಹಂಸ ಬಿಡಿಸುತ್ತಿದ್ದಾಗ, ಸಂಜುವನ್ನು ಕಾಯುತ್ತಿದ್ದ ಅಜಯ ಹಿಂದೆ ಬಂದು ನಿಂತ.

"ಛಲೋ ಐತ್ರಿ. ಆದ್ರ ದನದ ಡಾಕ್ಟರ್ ಕಣ್ಣಿಗೆ ಇದರ ಎಡಗಾಲು ಮುರದಂಗ ಕಾಣತೈತಿ."

"ಪಟ್ಟಿ ಹಾಕ್ತೀರೇನು ಮತ್ತ?" ಎಂದಳು ಅವಳು, ತಿರುಗಿ ನೋಡದೆ.

"ಹಾಕ್ತೇನಿ. ಹಿಡ್ಕೊಳ್ಳಾಕ ಅಮಸಿದ್ದಪ್ಪನ್ನ ಕರ್ಕೊಂಡು ಬರಬೇಕು."

ಅವಳಿಗೆ ನಗು ತಡೆಯಲಾಗಲಿಲ್ಲ. ಅಡುಗೆಮನೆಯಿಂದ ಅವ್ವ ಇಣುಕಿ ನೋಡಿದಳು. ಮಗಳು ಹಾಗೆ ನಕ್ಕಿದ್ದನ್ನು ಕೇಳಿ ಎಷ್ಟೋ ಕಾಲವಾಗಿತ್ತು.

ಬೇಡ ಸುವಾರ್ತಾ, ಬೇಡ... ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆದರೆ ಸಂಜೆಯಾದರೆ ಕಿವಿ ತಾನಾಗಿಯೇ ಬೈಕಿನ ಸದ್ದಿಗೆ ಕಾಯುತ್ತಿತ್ತು.

ದಸರೆ ರಜೆಯ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಮೂವರೂ ಚಿಕ್ಕಪಡಸಲಗಿ ಬ್ಯಾರೇಜಿಗೆ ಹೋದರು. ಕೃಷ್ಣೆ ತುಂಬಿ ನಿಂತಿದ್ದಳು. ಸಂಜು ದೂರದಲ್ಲಿ ಮೀನು ಹಿಡಿಯುವವರ ಜೊತೆ ಮಾತಿಗೆ ನಿಂತ.

ಅಜಯ ಅವಳ ಪಕ್ಕ ಕುಳಿತು, ನೀರು ನೋಡುತ್ತಲೇ ಹೇಳಿದ.

"ನಂಗ ಸುತ್ತಿ ಬಳಸಿ ಮಾತಾಡಾಕ ಬರಂಗಿಲ್ರಿ. ನೀವಂದ್ರ ನಂಗ ಜೀವ. ಮದುವಿ ಆಗೋಣು ಅಂತ ಕೇಳಾಕತ್ತೇನಿ."

ಅವಳ ಕಿವಿಯಲ್ಲಿ ನದಿಯ ಸದ್ದೆಲ್ಲ ನಿಂತುಹೋಯಿತು. ಹೂಂ ಎನ್ನಲು ಇಡೀ ಜೀವ ತುದಿಗಾಲಲ್ಲಿ ನಿಂತಿತ್ತು. ಆದರೂ ಅವಳು ಕೇಳಿದಳು.

"ಆ ಒಂದು ಕಪ್ಪು ಬಿಡ್ತೀರೇನು?"

"ಯಾಕ ಬಿಡಬೇಕು, ಹೇಳ್ರಿ."

"ಅದು ಪಾಪ."

"ಅಮಲೇರಿ ಬೀಳೋದು ಪಾಪ, ಅದನ್ನ ಒಪ್ತೇನಿ. ಆದ್ರ ದೇವರಿಗೆ ಸ್ತೋತ್ರ ಹೇಳಿ, ಉಂಡು, ಒಂದು ಕಪ್ಪು ಕುಡದು ಏಳೋದು ಪಾಪ ಅಂತ ನನ್ನ ಮನಸ್ಸು ಹೇಳವಲ್ದು. ಕಾನಾ ಊರಿನ ಮದುವ್ಯಾಗ ಯೇಸುಸ್ವಾಮಿನ ನೀರನ್ನ ದ್ರಾಕ್ಷಾರಸ ಮಾಡಿದ್ನಲ್ರಿ. ಅದು ಪಾಪ ಇದ್ರ ಮಾಡ್ತಿದ್ನೇನು?"

ಸುವಾರ್ತಾಳ ಕಣ್ಣು ತುಂಬಿದವು.

"ಕಾನಾ ಊರಾಗ ನಮ್ಮಪ್ಪ ಇರಲಿಲ್ರಿ," ಎಂದಳು.

ಅಜಯ ನೀರಿನಿಂದ ಕಣ್ಣು ಕಿತ್ತು ಅವಳ ಕಡೆ ತಿರುಗಿದ.

"ನಮ್ಮಪ್ಪನೂ ಹಾಡ್ತಿದ್ದ. ನಿಮ್ಮಂಗ. ಚರ್ಚಿನ ಮೆಟ್ಟಿಲ ಮ್ಯಾಲೆ ಬಿದ್ದಾಗ ಅಂವನ ಚಪ್ಪಲ ಹಿಡ್ಕೊಂಡು ನಾ ನಿಂತಿದ್ದೆ. ಆ ವಾಸನಿ ಮತ್ತ ನನ್ನ ಮನ್ಯಾಗ ಬರಬಾರ್ದು. ಸಣ್ಣ ಕಪ್ಪಿನಾಗೂ ಬರಬಾರ್ದು."

"ನಿಮ್ಮ ಕಣ್ಣೀರಿಗೆ ಅಂಜಿ ಹೂಂ ಅಂದ್ರ ಇವತ್ತ ಎಲ್ಲಾ ಸರಿಹೋಗತೈತಿ," ಎಂದ ಅಜಯ ನಿಧಾನವಾಗಿ. "ಆದ್ರ ಒಪ್ಪಿ ಬಿಟ್ಟಂಗ ಆಗಂಗಿಲ್ರಿ. ನಾಳೆ ಎಲ್ಲ್ಯರ ಒಮ್ಮೆ ಕುಡದು ನಿಮ್ಮ ಮುಂದ ಮುಚ್ಚಿಟ್ರ? ಅದು ಇದಕಿಂತ ಕೆಟ್ಟ."

"ಹಂಗಾದ್ರ ಇದು ಆಗಂಗಿಲ್ಲ," ಎಂದಳು ಸುವಾರ್ತಾ. ಎದ್ದು ನಡೆದಳು. ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ ಕಾಲು ಮುಂದೆ ಹೋಗುತ್ತಿರಲಿಲ್ಲ.

* * *

ಅವಳು ಆಫೀಸಿನಿಂದ ತಡವಾಗಿ ಮನೆಗೆ ಬರತೊಡಗಿದಳು. ಬೈಕಿನ ಸದ್ದು ಕಿವಿಗೆ ಬೀಳಬಾರದೆಂದು.

ದಿನ ಕಳೆದಂತೆ, ಅಜಯ ಬರುವುದನ್ನೇ ಬಿಟ್ಟಿರಬೇಕು ಎಂದುಕೊಂಡಳು. ಒಂದು ದಿನ ಅವ್ವ ರೊಟ್ಟಿ ತಟ್ಟುತ್ತಾ ಹೇಳಿದಳು.

"ಅಂವ ಬರೋದ ಬಿಟ್ಟಿಲ್ಲ ತಂಗಿ. ನೀ ಬರೂದರಾಗ ಸಂಜೂನ ಕರ್ಕೊಂಡು ಹೋಗಿ, ತಂದು ಬಿಟ್ಟು ಹೋಗ್ತಾನ. ನಿನ್ನ ಸುದ್ದಿ ಒಂದಿನ ತಗದಿಲ್ಲ. ನೀ ಒಲ್ಲೆ ಅಂದಮ್ಯಾಲೂ ನಿಮ್ಮಣ್ಣನ ಕೈ ಬಿಟ್ಟಿಲ್ಲ."

ಸುವಾರ್ತಾ ತಟ್ಟೆ ಸರಿಸಿ ಎದ್ದಳು.

ಅವಳು ದಿನಾಲೂ ದೇವರ ವಾಕ್ಯ ಓದುವವಳು. ಈಗ ಹಟ ಹಿಡಿದು ಓದಿದಳು. ಕುಡಿಯುವುದೇ ಪಾಪ ಎಂಬ ಒಂದೇ ಒಂದು ಮಾತು ಸಿಕ್ಕರೆ ಸಾಕು, ಅವನ ಮುಂದಿಟ್ಟು ಗೆಲ್ಲಬಹುದು ಎಂದು. ಮದ್ಯಕ್ಕೆ ಸೋತವರ ಗೋಳು ಸಿಕ್ಕಿತು. ಅಮಲೇರಬಾರದೆಂಬ ಎಚ್ಚರಿಕೆ ಸಿಕ್ಕಿತು. ಆದರೆ ಅಶಕ್ತನಾದ ತನ್ನ ಶಿಷ್ಯ ತಿಮೊಥೆಯನಿಗೆ ಹೊಟ್ಟೆಯ ಸಲುವಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಅಪೊಸ್ತಲ ಪೌಲನೇ ಹೇಳಿದ್ದೂ ಸಿಕ್ಕಿತು.

ಕೊನೆಗೆ ಪಾಸ್ಟರ್ ಮನೆಗೇ ಹೋದಳು.

"ಖರೆ ಹೇಳ್ರಿ ಪಾಸ್ಟರ್. ಕುಡಿಯೋದು ಪಾಪೋ ಅಲ್ಲೋ?"

ಪಾಸ್ಟರ್ ಕನ್ನಡಕ ತೆಗೆದರು.

"ಕುಡುಕತನ ಪಾಪ. ಅದರಾಗ ಎರಡು ಮಾತಿಲ್ಲ. ಆದ್ರ ಹಿಡಿತದಾಗ ಒಂದು ಕಪ್ಪು ಕುಡದಾಂವನ್ನ ಪಾಪಿ ಅನ್ನಾಕ ವಾಕ್ಯದಾಗ ನಂಗ ಆಧಾರ ಸಿಗವಲ್ದು. ನಾ ಕುಡಿಯಂಗಿಲ್ಲ. ನೀನೂ ಕುಡಿಬ್ಯಾಡ, ಅದು ಛಲೋ. ಆದ್ರ ನನ್ನ ವ್ರತ ತಗೊಂಡು ಮತ್ತೊಬ್ಬನ ಅಳೆಯಾಕ ಬರಂಗಿಲ್ಲವ್ವಾ."

"ಅಂದ್ರ ಅಂವಂದ ಖರೆ?"

"ಅಂವಗೂ ವಾಕ್ಯದಾಗ ಒಂದು ಮಾತೈತಿ. ನನ್ನ ಸ್ವಾತಂತ್ರ್ಯ ಮತ್ತೊಬ್ಬನ ಕಾಲಿಗೆ ಎಡವೋ ಕಲ್ಲಾದ್ರ, ಆ ಸ್ವಾತಂತ್ರ್ಯ ತಗೊಂಡು ಏನು ಮಾಡ್ಲಿ? ಅದನ್ನ ಅಂವ ತಿಳ್ಕೋಬೇಕು. ನೀ ಕಲಿಸಾಕ ಆಗಂಗಿಲ್ಲ."

ಸುವಾರ್ತಾ ತಲೆ ತಗ್ಗಿಸಿ ಕುಳಿತಳು. ಇಷ್ಟು ದಿನ ತಾನು ಅಜಯನ ಜೊತೆ ಜಗಳಾಡಿದ್ದೇ ಇಲ್ಲ ಎನಿಸಿತು. ಅವನ ಮುಖದಲ್ಲಿ ಅಪ್ಪನನ್ನು ನಿಲ್ಲಿಸಿಕೊಂಡು, ಅಪ್ಪನ ಜೊತೆ ಜಗಳಾಡುತ್ತಿದ್ದಳು.

* * *

ಕ್ರಿಸ್ಮಸ್ ಹಾಡಿನ ಅಭ್ಯಾಸ ಸುರುವಾಗುವ ಹೊತ್ತಿಗೆ ಸಭೆಯಲ್ಲಿ ಗುಸುಗುಸು ಎದ್ದಿತು. ಹಾಡು ಕಲಿಸುವ ಡಾಕ್ಟರು ಕುಡಿಯುತ್ತಾನಂತೆ. ನೇಹಾಳ ಮದುವೆಯಲ್ಲಿ ಸಂಜುವಿಗೂ ಕುಡಿಸಿದ್ದನಂತೆ. ಸುವಾರ್ತಾ ಕಣ್ಣಾರೆ ಕಂಡಿದ್ದಾಳಂತೆ.

ಮುಂದಿನ ಭಾನುವಾರ ಆರಾಧನೆ ಮುಗಿದರೂ ಯಾರೂ ಏಳಲಿಲ್ಲ. ಸಭೆಯ ಹಿರಿಯರಾದ ಜಕ್ಕಪ್ಪ ಮಾಸ್ತರರು ಎದ್ದು ನಿಂತರು. ನಿವೃತ್ತ ಶಿಕ್ಷಕರು, ಖಡಕ್ ಮನುಷ್ಯ.

"ಕುಡಿಯೋರು ನಮ್ಮ ಹುಡುಗೂರಿಗೆ ಹಾಡು ಕಲಿಸೋದು ಬ್ಯಾಡ. ಇದು ನನ್ನ ಮಾತು. ಸುವಾರ್ತಾ, ನೀ ನೋಡಿದಾಕಿ. ಎದ್ದು ಹೇಳವ್ವಾ."

ಎಲ್ಲರ ಕಣ್ಣೂ ಅವಳ ಮೇಲೆ. ಅಜಯ ಗಂಡಸರ ಸಾಲಿನ ಕೊನೆಗೆ ಕುಳಿತಿದ್ದ. ಅವನು ಅವಳ ಕಡೆ ನೋಡಲಿಲ್ಲ. ಏನು ಹೇಳಿದರೂ ತಡೆದುಕೊಳ್ಳುತ್ತೇನೆ ಎಂಬಂತೆ ಶಾಂತವಾಗಿದ್ದ.

ಸುವಾರ್ತಾ ಎದ್ದಳು. ಮಾಸ್ತರರ ಕಡೆ ತಿರುಗಿದಳು.

"ನಾ ನೋಡಿದ್ದು ತಪ್ಪಿತ್ರಿ. ಇವರು ಅಣ್ಣಗ ಕುಡಿಸಿಲ್ಲ. ಮಂದಿ ಮುಂದ ಸುಳ್ಳಪವಾದ ಹೊರಿಸಿದಾಕಿ ನಾನು. ಅದಕ್ಕ ಮಂದಿ ಮುಂದನ ಕ್ಷಮಾ ಕೇಳ್ತೇನಿ."

"ಮತ್ತ ಏನಾಗಿತ್ತು?" ಎಂದರು ಮಾಸ್ತರರು.

ಅವಳು ಹಿಂದೆ ಕುಳಿತಿದ್ದ ಅಣ್ಣನ ಕಡೆ ನೋಡಿದಳು. ಉಳಿದದ್ದನ್ನು ಹೇಳಿದರೆ ಅಣ್ಣನ ಮಾನ...

"ನಾ ಹೇಳ್ತೇನ್ರಿ," ಎಂದಿತು ಹಿಂದಿನಿಂದ ಒಂದು ದನಿ.

ಸಂಜು ಎದ್ದು ನಿಂತಿದ್ದ. "ಲೋಟಾ ತಗೊಂಡಾಂವ ನಾನು. ನಾನೊಬ್ಬ ಕುಡುಕ. ಕುಡಿಯೋದ ಬಿಟ್ಟೇನಿ, ಆದ್ರ ಕುಡುಕನ. ಅವತ್ತ ನನ್ನ ಕೈಯಾಗಿಂದ ಕಸಗೊಂಡಾಂವ ಅಜಯ. ನನ್ನ ಸಲುವಾಗಿ ಬೈಸ್ಕೊಂಡಾಂವ ಅಂವ. ಇವತ್ತಿನತನಾ ಬಾಯಿ ಬಿಟ್ಟಿಲ್ಲ."

ಹೆಂಗಸರ ಸಾಲಿನಲ್ಲಿ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮಾಸ್ತರರು ಸ್ವಲ್ಪ ಮೆತ್ತಗಾದರು. ಆದರೂ ಬಿಡಲಿಲ್ಲ. "ಅದು ಆತು. ಡಾಕ್ಟರ, ನೇರ ಕೇಳ್ತೇನಿ. ನೀವು ಕುಡೀತೀರೋ ಇಲ್ಲೋ?"

"ಹಬ್ಬಕ್ಕ, ಮದುವಿಗೆ ಒಂದು ಸಣ್ಣ ಕಪ್ಪು ಕುಡೀತಿದ್ದೆ, ಮಾಸ್ತರ," ಎಂದ ಅಜಯ, ಎದ್ದು ನಿಂತು.

"ಹಂಗಾದ್ರ ಮುಗೀತು."

"ಮುಗೀಲಿಲ್ರಿ," ಎಂದಳು ಸುವಾರ್ತಾ. ಅವಳು ಇನ್ನೂ ಕುಳಿತಿರಲಿಲ್ಲ. "ಕುಡುಕ ಅಂದ್ರ ಏನಂತ ಈ ಸಭೆಯೊಳಗ ನನಗಿಂತ ಹೆಚ್ಚು ಯಾರಿಗೆ ಗೊತ್ತೈತಿ? ನಮ್ಮಪ್ಪ ಇದ ಮೆಟ್ಟಿಲ ಮ್ಯಾಲೆ ಬಿದ್ದಿದ್ದ. ನೀವೆಲ್ಲಾರೂ ನೋಡೀರಿ. ನಾ ಜೀವ ಇರೂತನಾ ಒಂದು ಹನಿ ಮುಟ್ಟಂಗಿಲ್ಲ. ಆದ್ರ ಅಮಲಿಗೆ ಆಳಾದಾಂವ ಬ್ಯಾರೆ, ಉಂಡು ಸ್ತೋತ್ರ ಹೇಳಿ ಏಳಾಂವ ಬ್ಯಾರೆ. ನನ್ನ ವ್ರತಾನ ಇವರ ಕೊರಳಿಗೆ ಕಟ್ಟಾಕ ಹೋಗಿದ್ದೆ. ನೀವು ಅದನ್ನ ಮಾಡಬ್ಯಾಡ್ರಿ."

ಮಾಸ್ತರರ ಮುಖ ಕೆಂಪಾಯಿತು. ಮಾತಾಡಿದಾಗ ದನಿ ಮಾತ್ರ ಒಡೆದಿತ್ತು.

"ನನ್ನ ತಮ್ಮನೂ ಸ್ವಲ್ಪದಿಂದನ ಸುರು ಮಾಡಿದ್ದ, ತಂಗಿ."

ಯಾರಿಗೂ ಗೊತ್ತಿರದ ಸಂಗತಿ ಅದು. ಅಜಯ ಮಾಸ್ತರರ ಹತ್ತಿರ ಬಂದ.

"ನೀವು ಅನ್ನೋದೂ ಖರೇನ ಮಾಸ್ತರ. ಯಾರಿಗೆ ಒಂದು ಕಪ್ಪಿಗೆ ನಿಲ್ಲತೈತಿ, ಯಾರಿಗೆ ನಿಲ್ಲಂಗಿಲ್ಲ ಅಂತ ಮೊದಲ ಹೇಳಾಕ ಬರಂಗಿಲ್ಲ. ಇಷ್ಟು ತಿಂಗಳು ಸಂಜು ಅಣ್ಣಾರ ಜೋಡಿ ಅಡ್ಡಾಡಿ ನಂಗದು ತಿಳೀತು. ಹೋದ ತಿಂಗಳ ಬೆಳಗಾವಿಗೆ ಹೋದಾಗ ನಮ್ಮವ್ವಗ ಹೇಳಿ ಬಂದೇನಿ. ಇನ್ನ ನನ್ನ ಕಪ್ಪು ಇಡಬ್ಯಾಡ ಅಂತ. ಪಾಪ ಅಂತ ಬಿಟ್ಟಿಲ್ಲ. ಯಾರ ಹೆದರಿಕಿಗೂ ಬಿಟ್ಟಿಲ್ಲ. ಅಣ್ಣಾರು ದಿನಾ ಅಷ್ಟು ಕಷ್ಟಪಟ್ಟು ದೂರ ಇಡೋದನ್ನ ನಾ ಹಬ್ಬ ಅಂತ ಕೈಯಾಗ ಹಿಡೀಲಿ ಹೆಂಗ? ಬಿಡಾಕ ನಂಗ ಸ್ವಾತಂತ್ರ್ಯ ಐತಿ. ಅದಕ್ಕ ಬಿಟ್ಟೇನಿ. ಹಾಡು ಕಲಿಸಬ್ಯಾಡ ಅಂದ್ರೂ ಅದನ್ನ ಮತ್ತ ಮುಟ್ಟಂಗಿಲ್ಲ."

ಹೋದ ತಿಂಗಳೇ... ಸುವಾರ್ತಾ ಅವನ ಕಡೆ ತಿರುಗಿದಳು. ತನ್ನ ಹತ್ತಿರ ಬಂದು ಹೇಳಿದ್ದರೆ ಸಾಕಿತ್ತು. ಅವನು ಹೇಳಿರಲಿಲ್ಲ.

ಪಾಸ್ಟರ್ ಎದ್ದರು. "ಹಾಡು ಅಜಯನ ಕಲಿಸ್ತಾನ. ಸಂಜು, ನೀ ಇವತ್ತ ಎದ್ದು ಹೇಳಿದ್ದು ಸಣ್ಣ ಮಾತಲ್ಲ. ನಿನ್ನ ಜೋಡಿ ಈ ಸಭಾ ಐತಿ."

ಜಕ್ಕಪ್ಪ ಮಾಸ್ತರರು ಒಪ್ಪಿದರೆಂದು ಹೇಳಲಾಗದು. ಛತ್ರಿ ತೆಗೆದುಕೊಂಡು ಬಾಗಿಲ ಕಡೆ ನಡೆದರು. ಸಂಜುವಿನ ಹತ್ತಿರ ಬಂದಾಗ ನಿಂತು, ಅವನ ಹೆಗಲ ಮೇಲೆ ಕೈಯಿಟ್ಟು, ಹೊರಟುಹೋದರು.

* * *

ಹೊರಗೆ ಮಧ್ಯಾಹ್ನದ ಬಿಸಿಲು. ಅಜಯ ಬೈಕಿನ ಹತ್ತಿರ ನಿಂತಿದ್ದ. ಸುವಾರ್ತಾ ನೇರವಾಗಿ ಅವನ ಮುಂದೆ ಹೋಗಿ ನಿಂತಳು.

"ಹೋದ ತಿಂಗಳ ಬಿಟ್ಟೀರಿ. ನಂಗ ಯಾಕ ಹೇಳಲಿಲ್ಲ?"

"ಹೇಳಿದ್ರ ನಿಮ್ಮ ಸಲುವಾಗಿ ಬಿಟ್ಟೇನಂತ ತಿಳ್ಕೋತಿದ್ರಿ. ಅದನ್ನ ಕೊಟ್ಟು ನಿಮ್ಮನ್ನ ಇಸ್ಕೊಂಡಂಗ ಆಗಬಾರ್ದಾಗಿತ್ತು."

"ನಿಮ್ಮವ್ವ ಏನಂದ್ರು?"

"ಬೈದ್ಲು. ತಾ ಮಾಡಿದ್ದನ್ನ ಒಲ್ಲೆ ಅಂದಾಂವ ನಾನೊಬ್ಬನ ಅಂತ. ಆಮ್ಯಾಲೆ ಯಾಕಂತ ಕೇಳಿದ್ಲು. ಹೇಳಿದೆ. ಸಂಜು ಅಣ್ಣಾರನ್ನ ಒಮ್ಮೆ ಊಟಕ್ಕ ಕರ್ಕೊಂಡು ಬಾ ಅಂದ್ಲು."

ಸುವಾರ್ತಾ ನಕ್ಕಳು. ಕಣ್ಣಲ್ಲಿ ನೀರೂ ಬಂತು. ಒರೆಸಿಕೊಳ್ಳಲಿಲ್ಲ.

"ಬ್ಯಾರೇಜಿನ ಮ್ಯಾಲೆ ಒಂದು ಮಾತು ಕೇಳಿದ್ರಿ. ಮತ್ತೊಮ್ಮೆ ಕೇಳಂಗಿಲ್ಲೇನು?"

"ಒಮ್ಮೆ ಒಲ್ಲೆ ಅಂದೀರಿ. ಮತ್ತ ಕೇಳಿ ತ್ರಾಸು ಕೊಡಬಾರ್ದು ಅಂತ ಸುಮ್ಮನಿದ್ದೆ."

"ಹಂಗಾದ್ರ ನಾನ ಕೇಳ್ತೇನಿ." ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟಳು. "ನನ್ನ ಮದುವಿ ಆಗ್ತೀರೇನು?"

ದನದ ಡಾಕ್ಟರು ತಲೆಯಾಡಿಸಿದ. ಮತ್ತೊಮ್ಮೆ ಆಡಿಸಿದ.

"ಬಾಯಿ ಬಿಟ್ಟು ಹೇಳ್ರಿ."

"ಆಗ್ತೇನಿ. ಇವತ್ತ ಅಂದ್ರ ಇವತ್ತ. ನಿಮ್ಮವ್ವಗ ಯಾವಾಗ ಹೇಳೋಣು?"

"ಹೇಳೋದೇನೈತಿ? ನಿಮ್ಮ ಹಿಂದ ನಿಂತಾಳ ನೋಡ್ರಿ."

ಅಜಯ ಗಾಬರಿಯಿಂದ ತಿರುಗಿದ. ಅವ್ವ, ಅವಳ ಪಕ್ಕದಲ್ಲಿ ಸಂಜು. ಅವ್ವ ಏನೂ ಕೇಳಿಸಿಕೊಳ್ಳದವಳಂತೆ ಸೆರಗು ಸರಿಮಾಡಿಕೊಂಡು, "ಮನಿಗೆ ನಡೀರಿ, ಊಟಕ್ಕ ಹೊತ್ತಾತು. ಇವತ್ತಿನಿಂದ ಕೂಳು ಎಲ್ಲಾರದೂ ಒಂದ ಕಡೆ," ಎಂದು ಸಂಜುವಿನ ಕೈ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಬೈಕನ್ನು ಚರ್ಚಿನ ಅಂಗಳದಲ್ಲೇ ಬಿಟ್ಟು, ಇಬ್ಬರೂ ನಿಧಾನವಾಗಿ ಅವರ ಹಿಂದೆ ಹೆಜ್ಜೆ ಹಾಕಿದರು. ಸ್ವಲ್ಪ ದೂರ ಹೋದ ಮೇಲೆ ಅಜಯ ಮೆಲ್ಲಗೆ ಕೇಳಿದ.

"ಖರೆ ಹೇಳ್ರಿ. ನಿಮ್ಮ ಅಂಜಿಕಿ ಹೋತೇನು?"

"ಇಲ್ಲ," ಎಂದಳು ಸುವಾರ್ತಾ. "ಅದು ಅಷ್ಟು ಲಗೂನ ಹೋಗಂಗಿಲ್ಲ. ಆದ್ರ ಇನ್ನ ನಿಮಗ ಅಂಜಂಗಿಲ್ಲ."

"ಸಾಕು. ಉಳಿದದ್ದಕ್ಕ ಇಬ್ರೂ ಕೂಡಿ ಅಂಜೋಣು."

ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಯಾರು ನೋಡಿದರೂ ನೋಡಲಿ ಎಂದುಕೊಂಡು ಅವಳು ಅವನ ಕೈ ಹಿಡಿದಳು.